ರೋಗಿಯ ಮಗ್ಗುಲಲ್ಲಿ ಕುಳಿತವರ ಸಾಕ್ಷ್ಯ

‘ಡಾಕ್ಟರ್ ಚಲೋ ಅದಾರ, ದವಾಖಾನಿ ಚಲೋ ಇಲ್ಲ.’ ರೋಣ, ನರೇಗಲ್, ಗಜೇಂದ್ರಗಡ ಸೀಮೆಯಲ್ಲಿ ಆಸ್ಪತ್ರೆಗೆ ಹೋಗಿ ಬಂದವರ ಬಾಯಲ್ಲಿ ಕೇಳಿಬರುವ ಈ ಮಾತಿನಷ್ಟು ಸೂಕ್ಷ್ಮವಾದ ವಿಮರ್ಶೆಯನ್ನು ಯಾವ ತಪಾಸಣಾ ಸಮಿತಿಯೂ ಬರೆಯಲಾರದು. ವೈದ್ಯರ ಕೈಗುಣ ಒಂದು, ರೋಗಿಯನ್ನು ಹಗಲಿರುಳು ನೋಡಿಕೊಳ್ಳುವ ಆರೈಕೆ ಇನ್ನೊಂದು. ಮೊದಲನೆಯದನ್ನು ಅಳೆಯುವ ವಿದ್ಯೆ ಸಾಮಾನ್ಯ ಜನರಿಗಿಲ್ಲ. ಎರಡನೆಯದನ್ನು ಅವರಷ್ಟು ಚೆನ್ನಾಗಿ ಅಳೆಯಬಲ್ಲವರು ಬೇರಾರೂ ಇಲ್ಲ. ಆದರೆ ನಮ್ಮ ಆರೋಗ್ಯ ವ್ಯವಸ್ಥೆ ಇವರ ಮಾತನ್ನು ಯಾವ ಕಡತದಲ್ಲಿಯೂ ದಾಖಲಿಸುವುದಿಲ್ಲ. ನಮ್ಮ ಸಮುದಾಯವೂ ದಾಖಲಿಸಿಲ್ಲ.

ಜಕ್ಕಲಿಯನ್ನೇ ನೋಡಿ. 1953ರಲ್ಲಿ ಅಂದಾನಪ್ಪ ದೊಡ್ಡಮೇಟಿಯವರು ಮುಂಬಯಿ ಶಾಸನಸಭೆಯ ಸ್ಥಾನವನ್ನು ತ್ಯಜಿಸಿ ಕರ್ನಾಟಕ ಏಕೀಕರಣಕ್ಕಾಗಿ ಉಪವಾಸ ಕುಳಿತ ಊರು ಅದು. ಅಂತಹ ಊರಿನ ಒಂದು ಕುಟುಂಬದಲ್ಲಿ ಅಜ್ಜಿಗೆ ಪಾರ್ಶ್ವವಾಯು ಬಡಿದರೆ ಅಥವಾ ಸೊಸೆಗೆ ಹೆರಿಗೆ ಕಷ್ಟವಾದರೆ ನರೇಗಲ್, ರೋಣ, ಗಜೇಂದ್ರಗಡ ದಾಟಿ ಗದಗ, ಹುಬ್ಬಳ್ಳಿ, ಬಾಗಲಕೋಟೆಯ ದಾರಿ ಹಿಡಿಯಬೇಕಾಗುತ್ತದೆ. ಗದಗದಲ್ಲಿ 2015ರಿಂದ ಸರಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆಯಿದೆ. ಹುಬ್ಬಳ್ಳಿಯಲ್ಲಿ ಜನರು ಇಂದಿಗೂ ಕಿಮ್ಸ್ ಎಂದೇ ಕರೆಯುವ ದೊಡ್ಡ ಆಸ್ಪತ್ರೆಯಿದೆ. ಖಾಸಗಿ ನರ್ಸಿಂಗ್ ಹೋಮ್‌ಗಳಿಗಂತೂ ಕೊರತೆಯಿಲ್ಲ. ಇವುಗಳಲ್ಲಿ ಯಾವುದನ್ನು ಆರಿಸಬೇಕು? ಆ ಗಳಿಗೆಯಲ್ಲಿ ಯಾರೂ ಸರಕಾರದ ನೋಂದಣಿ ಪತ್ರವನ್ನು ಕೇಳುವುದಿಲ್ಲ. ಮುಂಚೆ ಹೋಗಿ ಬಂದವರನ್ನು ಹುಡುಕುತ್ತಾರೆ. ಶುಕ್ರವಾರದ ನಮಾಝ್ ಮುಗಿದ ಮೇಲೆ ಮಸೀದಿಯ ಅಂಗಳದಲ್ಲಿ, ಮದುವೆಯ ಮನೆಯಲ್ಲಿ, ಬಸ್ ನಿಲ್ದಾಣದಲ್ಲಿ ನಡೆಯುವ ಈ ವಿಚಾರಣೆಯೇ ಬಡವರ ಪಾಲಿನ ಏಕೈಕ ಮಾರ್ಗದರ್ಶಿ.

ಈ ಮಾತುಗಳನ್ನು ಕಿವಿಗೊಟ್ಟು ಕೇಳಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಜನರು ಯಂತ್ರಗಳ ಬಗ್ಗೆ ಹೇಳುವುದು ಕಡಿಮೆ, ಕಟ್ಟಡದ ಬಗ್ಗೆ ಇನ್ನೂ ಕಡಿಮೆ. ಅವರು ಹೇಳುವುದು ರಾತ್ರಿಯ ಬಗ್ಗೆ. ಸಲಾಯಿನ್ ಮುಗಿದು ನಳಿಕೆಯಲ್ಲಿ ರಕ್ತ ಏರತೊಡಗಿದರೂ ಸಿಸ್ಟರ್ ಬರಲಿಲ್ಲ. ಕರೆಯಲು ಹೋದರೆ ಗದರಿಸಿದರು. ಮಲಗಿದಲ್ಲೇ ಇದ್ದ ಮುದುಕರನ್ನು ಹೊರಳಿಸಲು ಯಾರೂ ಇರಲಿಲ್ಲ, ಎಂಟು ದಿನದಲ್ಲಿ ಬೆನ್ನಿನ ಕೆಳಗೆ ಹುಣ್ಣಾಯಿತು. ಹೆರಿಗೆ ಕೋಣೆಯಲ್ಲಿ ನೋವಿನಿಂದ ಕೂಗಿದವಳಿಗೆ ಕಿವಿಯಿಂದ ಕೇಳಲಾಗದ ಮಾತು. ಕೂಸಿನ ಮುಖ ತೋರಿಸಲು ಆಯಾಗೆ ಹಣ, ಗಂಡಾದರೆ ಒಂದು ದರ, ಹೆಣ್ಣಾದರೆ ಇನ್ನೊಂದು. ಏನು ಕಾಯಿಲೆ, ಏನು ಔಷಧಿ ಎಂದು ಕೇಳಿದರೆ ಉತ್ತರವಿಲ್ಲ.

ಇವೆಲ್ಲ ಸಣ್ಣ ದೂರುಗಳೆಂದು ತಳ್ಳಿಹಾಕುವವರಿದ್ದಾರೆ. ನಾವು ಅದನ್ನು ಒಪ್ಪುವುದಿಲ್ಲ. ಹಾಸಿಗೆ ಹುಣ್ಣು ಆರೈಕೆಯ ಗುಣಮಟ್ಟದ ಅಳತೆಗೋಲೆಂದು ಶುಶ್ರೂಷಾ ಶಾಸ್ತ್ರವೇ ಹೇಳುತ್ತದೆ. ಏಳಲಾಗದ ರೋಗಿಯನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂಬುದು ಅದರ ಮೊದಲ ಪಾಠಗಳಲ್ಲೊಂದು. ಹುಣ್ಣಾಯಿತೆಂದರೆ ಮಗ್ಗುಲು ಬದಲಿಸುವ ಕೈ ಅಲ್ಲಿರಲಿಲ್ಲ ಎಂದು ಬಹುಮಟ್ಟಿಗೆ ಅರ್ಥ. ಕರೆದರೆ ಬರುವವರಿಲ್ಲವೆಂದರೆ ನರ್ಸ್‌ಗಳ ಸಂಖ್ಯೆ ಸಾಲದೆಂದು ಅರ್ಥ. ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ಮಾನದಂಡದಂತೆ ಬೋಧನಾ ಆಸ್ಪತ್ರೆಗಳಲ್ಲಿ 3 ರೋಗಿಗಳಿಗೊಬ್ಬರು, ಇತರ ಆಸ್ಪತ್ರೆಗಳಲ್ಲಿ 5 ರೋಗಿಗಳಿಗೊಬ್ಬರು ನರ್ಸ್ ಇರಬೇಕು. ನಮ್ಮ ತಾಲೂಕು ಕೇಂದ್ರಗಳ ವಾರ್ಡೊಂದರಲ್ಲಿ ರಾತ್ರಿ ಹನ್ನೆರಡಕ್ಕೆ ನಿಂತು ತಲೆ ಎಣಿಸಿದರೆ ಕಾಗದ ಮತ್ತು ವಾಸ್ತವದ ನಡುವಿನ ಅಂತರ ತಿಳಿಯುತ್ತದೆ. ಹಾಗೆ ತಲೆ ಎಣಿಸುವವರು ಯಾರು? ರೋಗಿಯ ಪಕ್ಕದಲ್ಲಿ ಚಾಪೆ ಹಾಸಿಕೊಂಡು ಎಚ್ಚರವಿರುವ ಮಗಳು, ಸೊಸೆ, ತಂಗಿ. ವೈದ್ಯರು ಬಂದು ಹೋಗುವುದು ಐದು ನಿಮಿಷ. ತಪಾಸಣಾಧಿಕಾರಿ ಬರುವುದು ವರ್ಷಕ್ಕೊಮ್ಮೆ, ಅದೂ ಮುಂಚಿತವಾಗಿ ತಿಳಿಸಿ. ಇಪ್ಪತ್ನಾಲ್ಕು ಗಂಟೆಯ ಸಾಕ್ಷಿ ಆಕೆಯೊಬ್ಬಳೇ.

ಈ ಸಾಕ್ಷ್ಯವನ್ನು ಕಡೆಗಣಿಸಿದರೆ ಏನಾಗುತ್ತದೆಂಬುದಕ್ಕೆ ಇಂಗ್ಲೆಂಡಿನ ಸ್ಟಾಫರ್ಡ್ ಆಸ್ಪತ್ರೆ ಜಗತ್ತಿಗೇ ಪಾಠವಾಯಿತು. ಜೂಲಿ ಬೈಲಿ ಎಂಬ ಮಹಿಳೆ 2007ರಲ್ಲಿ ವಾರಗಟ್ಟಲೆ ತನ್ನ ತಾಯಿಯ ಹಾಸಿಗೆಯ ಪಕ್ಕದ ಕುರ್ಚಿಯಲ್ಲೇ ರಾತ್ರಿ ಕಳೆದು ಅಲ್ಲಿನ ನಿರ್ಲಕ್ಷ್ಯವನ್ನು ಕಣ್ಣಾರೆ ಕಂಡರು. ತಾಯಿ ತೀರಿಕೊಂಡ ಬಳಿಕ ಅದೇ ಬಗೆಯ ಅನುಭವವಾದ ಇತರ ಕುಟುಂಬಗಳನ್ನು ಒಟ್ಟುಗೂಡಿಸಿದರು. ಇಷ್ಟಾದರೂ 2008ರ ಫೆಬ್ರವರಿಯಲ್ಲಿ ಅದೇ ಆಸ್ಪತ್ರೆಯ ಆಡಳಿತ ಸಂಸ್ಥೆಗೆ ಉನ್ನತ ದರ್ಜೆಯ ಸ್ವಾಯತ್ತ ಸ್ಥಾನಮಾನ ದೊರೆಯಿತು! ಲೆಕ್ಕಪತ್ರಗಳು ಅಚ್ಚುಕಟ್ಟಾಗಿದ್ದವು. ಬಾಯಾರಿದ ರೋಗಿಗಳು ಹೂದಾನಿಯ ನೀರು ಕುಡಿದರೆಂಬ ಕುಟುಂಬಗಳ ಮಾತು ಮಾತ್ರ ಯಾವ ಲೆಕ್ಕದಲ್ಲೂ ಇರಲಿಲ್ಲ. ಕೊನೆಗೆ ರಾಬರ್ಟ್ ಫ್ರಾನ್ಸಿಸ್ ಅವರ ನೇತೃತ್ವದ ಸಾರ್ವಜನಿಕ ವಿಚಾರಣೆ 2013ರ ಫೆಬ್ರವರಿಯಲ್ಲಿ 290 ಶಿಫಾರಸುಗಳ ವರದಿ ನೀಡಿ, ರೋಗಿಗಳ ಮತ್ತು ಬಂಧುಗಳ ಮಾತಿಗೆ ಕಿವಿಗೊಡದಿದ್ದುದೇ ದುರಂತದ ಮುಖ್ಯ ಕಾರಣಗಳಲ್ಲೊಂದೆಂದು ಹೇಳಿತು. ಅಮೇರಿಕದಲ್ಲಿಯೂ ವೃದ್ಧರ ಆರೈಕೆಯ ನರ್ಸಿಂಗ್ ಹೋಮ್‌ಗಳಿಗೆ ಸರಕಾರ 2008ರಿಂದ ಐದು ನಕ್ಷತ್ರಗಳ ಶ್ರೇಣಿ ಕೊಡತೊಡಗಿತು. ಆದರೆ ಎಷ್ಟು ನರ್ಸ್‌ಗಳಿದ್ದಾರೆಂಬ ಲೆಕ್ಕವನ್ನು ವರ್ಷಗಟ್ಟಲೆ ಆಯಾ ಸಂಸ್ಥೆಗಳೇ ಬರೆದುಕೊಡುತ್ತಿದ್ದವು. ಸಂಬಳದ ಪಟ್ಟಿಯೊಂದಿಗೆ ಅದನ್ನು ತಾಳೆ ನೋಡುವ ಪದ್ಧತಿ ಬಂದದ್ದು ಬಹಳ ತಡವಾಗಿ. ಪರೀಕ್ಷೆ ಬರೆಯುವವನೇ ಅಂಕ ಕೊಟ್ಟುಕೊಂಡರೆ ನಪಾಸಾಗುವವರು ಯಾರು?

ಅಷ್ಟು ದೂರ ಹೋಗಬೇಕಾಗಿಲ್ಲ. 2021ರ ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ನಡೆದುದನ್ನು ಕನ್ನಡಿಗರು ಮರೆತಿರಲಾರರು. ಆಮ್ಲಜನಕ ಮುಗಿದು ತಮ್ಮವರು ಸತ್ತರೆಂದು ಬಂಧುಗಳು ಕೂಗಿ ಹೇಳಿದರು. ಆಮ್ಲಜನಕದ ಕೊರತೆಯಿಂದ ಸತ್ತವರು ಮೂವರು ಮಾತ್ರ ಎಂದಿತು ಅಂದಿನ ಸರಕಾರ. ಬಳಿಕ ಹೈಕೋರ್ಟ್ ನೇಮಿಸಿದ ಸಮಿತಿ ಆ ಸರಕಾರಿ ಲೆಕ್ಕವನ್ನು ಒಪ್ಪಲಿಲ್ಲ. ಬಂಧುಗಳು ಹೇಳಿದ್ದೇ ಸತ್ಯಕ್ಕೆ ಹತ್ತಿರವಾಗಿತ್ತು. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಹೆರಿಗೆಯಾದ ಬಾಣಂತಿಯರು ಒಬ್ಬರ ಹಿಂದೊಬ್ಬರಂತೆ ಅಸ್ವಸ್ಥರಾಗಿ ಐವರು ಪ್ರಾಣ ಕಳಕೊಂಡಾಗ ಸಂಶಯದ ಬೆರಳು ತಿರುಗಿದ್ದು ಪಶ್ಚಿಮ ಬಂಗಾಳದ ಕಂಪೆನಿಯೊಂದು ಪೂರೈಸಿದ ದ್ರಾವಣದ ಕಡೆಗೆ. ಸಲಾಯಿನ್ ಬಾಟಲಿಯೊಳಗೆ ಏನಿದೆಯೆಂದು ತಿಳಿಯುವ ಸಾಮರ್ಥ್ಯ ಯಾವ ಕುಟುಂಬಕ್ಕೂ ಇಲ್ಲ, ನಿಜ. ಆದರೆ ಚೆನ್ನಾಗಿ ಮಾತನಾಡುತ್ತಿದ್ದ ಮಗಳು ಇದ್ದಕ್ಕಿದ್ದಂತೆ ಕುಸಿದಳೆಂದು ತಾಯಿ ಹೇಳಿದಾಗ, ಅದನ್ನು ಹೆದರಿದ ಹೆಂಗಸಿನ ಗೋಳು ಎಂದುಕೊಳ್ಳುವುದೋ, ಮೊದಲ ಎಚ್ಚರಿಕೆಯ ಗಂಟೆ ಎಂದುಕೊಳ್ಳುವುದೋ ಎಂಬುದು ಆಸ್ಪತ್ರೆಗೆ ಬಿಟ್ಟದ್ದು.

ವಿಚಿತ್ರವೆಂದರೆ, ಸತ್ತ ಮೇಲೆ ಕುಟುಂಬದ ಮಾತನ್ನು ಕೇಳುವ ಏರ್ಪಾಡು ನಮ್ಮಲ್ಲಿದೆ. ಬಾಣಂತಿಯ ಸಾವಿನ ಪರಿಶೀಲನೆಗೆ ಕೇಂದ್ರ ಸರಕಾರ 2010ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ಮನೆಯವರನ್ನು ಕಂಡು ಘಟನೆಯ ವಿವರವನ್ನು ಅವರ ಬಾಯಿಂದಲೇ ಬರೆದುಕೊಳ್ಳಬೇಕು. ಜಿಲ್ಲಾಧಿಕಾರಿಗಳ ಸಭೆಗೆ ಬಂಧುಗಳನ್ನು ಕರೆಯಬೇಕು. ಸತ್ತವಳ ಬಗ್ಗೆ ಕೇಳುವ ಈ ಪ್ರಶ್ನೆಗಳನ್ನೇ ಬದುಕಿ ಮನೆಗೆ ಮರಳಿದವಳ ಬಗ್ಗೆ ಕೇಳಿದ್ದರೆ ಎಷ್ಟೋ ಸಾವುಗಳು ತಪ್ಪುತ್ತಿದ್ದವಲ್ಲವೇ? ಸರಕಾರಿ ಆಸ್ಪತ್ರೆಗಳ ರಾಷ್ಟ್ರೀಯ ಗುಣಮಟ್ಟ ಯೋಜನೆಯಲ್ಲಿ ರೋಗಿಗಳ ಸಂತೃಪ್ತಿ ಸಮೀಕ್ಷೆ ಕಡ್ಡಾಯ. 2016ರಲ್ಲಿ ‘ಮೇರಾ ಅಸ್ಪತಾಲ್’ ಎಂಬ ಹೆಸರಿನಲ್ಲಿ ಮೊಬೈಲ್ ಮೂಲಕ ಅಭಿಪ್ರಾಯ ಪಡೆಯುವ ಏರ್ಪಾಡೂ ಶುರುವಾಯಿತು. ಆದರೆ ‘ನೀವು ಸಂತೃಪ್ತರೇ?’ ಎಂದು ಬಡವನನ್ನು ಕೇಳಿದರೆ ಆತ ಹೌದೆಂದೇ ಹೇಳುತ್ತಾನೆ. ಹಾಸಿಗೆ ಸಿಕ್ಕಿದ್ದೇ ದೊಡ್ಡದೆಂದು ಭಾವಿಸಿದವನ ಸಂತೃಪ್ತಿ ಯಾವ ಗುಣಮಟ್ಟದ ಪುರಾವೆ? ನಿನ್ನೆ ರಾತ್ರಿ ಎಷ್ಟು ಬಾರಿ ಯಾರು ಬಂದು ನೋಡಿದರು, ಔಷಧಿ ಯಾವ ಹೊತ್ತಿಗೆ ಕೊಟ್ಟರು, ಯಾರಿಗೆ ಎಷ್ಟು ಹಣ ಕೊಟ್ಟಿರಿ ಎಂದು ಕೇಳಬೇಕು. ಆಗ ಉತ್ತರ ಬೇರೆಯೇ ಬರುತ್ತದೆ.

ಹೀಗೆ ಕೇಳುವುದು ನಮಗೆ ಹೊಸತಾಗಬಾರದಿತ್ತು. ಖಂದಕ್ ಯುದ್ಧದಲ್ಲಿ ಸಅದ್ ಬಿನ್ ಮುಆದ್(ರ)ರು ಗಾಯಗೊಂಡಾಗ ಅವರನ್ನು ರುಫೈದಾ(ರ) ಎಂಬ ಮಹಿಳೆಯ ಆರೈಕೆಗೆ ಒಪ್ಪಿಸಲಾಯಿತು. ಗಾಯಾಳುಗಳ ಶುಶ್ರೂಷೆ ಮಾಡುತ್ತಿದ್ದ ಆಕೆಯನ್ನು ಇಸ್ಲಾಮಿನ ಪ್ರಥಮ ದಾದಿಯೆಂದು ನಾವು ವೇದಿಕೆಗಳಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆ ವರದಿಯ ಇನ್ನೊಂದು ಭಾಗವನ್ನು ಮಾತ್ರ ಮರೆಯುತ್ತೇವೆ. ಪ್ರವಾದಿ(ಸ)ರು ಆ ದಾರಿಯಾಗಿ ಹೋಗುವಾಗ ಬೆಳಿಗ್ಗೆ ರಾತ್ರಿ ಹೇಗೆ ಕಳೆಯಿತೆಂದೂ, ಸಂಜೆ ಹಗಲು ಹೇಗೆ ಕಳೆಯಿತೆಂದೂ ಸಅದ್(ರ)ರನ್ನೇ ವಿಚಾರಿಸುತ್ತಿದ್ದರು. ನೋವಿನಲ್ಲಿದ್ದವನನ್ನೇ ನೇರವಾಗಿ ಕೇಳಿ ತಿಳಿಯುವ ಈ ಪದ್ಧತಿಯನ್ನು ನಾವು ‘ಇಯಾದತ್’ ಎಂದು ಕರೆಯುತ್ತೇವೆ. ನಮ್ಮ ಇಯಾದತ್ ಇಂದು ಎರಡು ಕಿತ್ತಳೆ ಹಣ್ಣು ಮತ್ತು ಹತ್ತು ನಿಮಿಷದ ಹರಟೆಗೆ ಇಳಿದಿದೆ. ಹಿಜರಿ 319ರಲ್ಲಿ, ಅಂದರೆ ಕ್ರಿ.ಶ. 931ರಲ್ಲಿ, ವೈದ್ಯನ ತಪ್ಪಿನಿಂದ ಸಾಮಾನ್ಯ ಪ್ರಜೆಯೊಬ್ಬ ಸತ್ತ ಸುದ್ದಿ ಬಗ್ದಾದಿನ ಖಲೀಫ ಮುಕ್ತದಿರ್‌ನ ಕಿವಿಗೆ ಬಿದ್ದಾಗ ಆತ ನಗರದ ವೈದ್ಯರನ್ನೆಲ್ಲ ಪರೀಕ್ಷೆಗೊಳಪಡಿಸುವ ಹೊಣೆಯನ್ನು ಸಿನಾನ್ ಬಿನ್ ಸಾಬಿತ್‌ಗೆ ವಹಿಸಿದ. ಎಂಟುನೂರಕ್ಕೂ ಹೆಚ್ಚು ವೈದ್ಯರು ಪರೀಕ್ಷೆಗೆ ಕುಳಿತರೆಂದು ಇತಿಹಾಸಕಾರರು ಬರೆದಿದ್ದಾರೆ. ಒಬ್ಬ ಹೆಸರಿಲ್ಲದವನ ಸಾವಿನ ಸುದ್ದಿ ಒಂದು ರಾಜಧಾನಿಯ ವೈದ್ಯಪದ್ಧತಿಯನ್ನೇ ಬದಲಿಸಿತು.

ಹಾಗಾದರೆ ನಮ್ಮ ಕುಟುಂಬಗಳೇಕೆ ಬಾಯಿ ಬಿಡುವುದಿಲ್ಲ? ‘ತಕ್ದೀರ್’ ಎಂಬುದು ಮೊದಲ ಉತ್ತರ. ಮರಣದ ಗಳಿಗೆ ಅಲ್ಲಾಹನ ಕೈಯಲ್ಲಿದೆಯೆಂಬುದು ನಮ್ಮ ವಿಶ್ವಾಸ. ಆದರೆ ರಾತ್ರಿ ಪಾಳಿಗೆ ನರ್ಸ್ ಇಡದಿರುವುದು ಆಡಳಿತ ಮಂಡಳಿಯ ತೀರ್ಮಾನ. ಮನುಷ್ಯರ ಲೋಪವನ್ನು ವಿಧಿಯ ಮೇಲೆ ಹೊರಿಸುವುದು ವಿಶ್ವಾಸವಲ್ಲ. ಎರಡನೆಯ ಉತ್ತರ ‘ಗೀಬತ್’ನ ಭಯ. ಬೆನ್ನ ಹಿಂದೆ ಒಬ್ಬರ ಕೊರತೆಯನ್ನು ಆಡುವುದು ಮಹಾಪಾಪವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅನ್ಯಾಯಕ್ಕೊಳಗಾದವನು ಅದನ್ನು ಬಹಿರಂಗವಾಗಿ ಹೇಳುವುದಕ್ಕೆ ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯದಲ್ಲಿ ಸ್ಪಷ್ಟ ವಿನಾಯಿತಿಯಿದೆ. ಇಮಾಮ್ ನವವಿ(ರಹ)ರು ಗೀಬತ್ ಅನುಮತಿಸಲ್ಪಡುವ ಆರು ಸಂದರ್ಭಗಳನ್ನು ಎಣಿಸಿದ್ದಾರೆ. ಅನ್ಯಾಯದ ದೂರು ಮತ್ತು ಇತರರಿಗೆ ಹಾನಿಯಾಗದಂತೆ ನೀಡುವ ಎಚ್ಚರಿಕೆ ಅವುಗಳಲ್ಲಿ ಸೇರಿವೆ. ಸಾಕ್ಷ್ಯವನ್ನು ಬಚ್ಚಿಡಬಾರದೆಂದು ಅಲ್‌ಬಕರಾದಲ್ಲಿ ಇರುವ ಆಜ್ಞೆ ಸಾಲದ ಕರಾರಿಗೆ ಮಾತ್ರ ಅನ್ವಯವೆಂದು ತಿಳಿದವರು, ಮುಂದೆ ಅದೇ ಹಾಸಿಗೆಗೆ ಬರುವ ರೋಗಿಯ ಬಗ್ಗೆ ಒಮ್ಮೆ ಯೋಚಿಸಲಿ.

ಮೂರನೆಯ ಕಾರಣ ಇವೆರಡಕ್ಕಿಂತ ಕಹಿಯಾದದ್ದು. ದೂರು ಹೇಳಿದರೆ ಇನ್ನಷ್ಟು ಅವಮಾನವಾದೀತೆಂಬ ಅಂಜಿಕೆ. ಬುರ್ಖಾ ಧರಿಸಿದ ಮಹಿಳೆಯರು ಮಾರುಕಟ್ಟೆ, ಶಾಲೆ, ಆಸ್ಪತ್ರೆಗಳಲ್ಲಿ ಅಸಭ್ಯ ವರ್ತನೆಯನ್ನು ಎದುರಿಸುತ್ತಿರುವುದಾಗಿ ಹೇಳಿಕೊಂಡದ್ದನ್ನು 2006ರ ಸಾಚಾರ್ ಸಮಿತಿ ವರದಿ ದಾಖಲಿಸಿದೆ. ಅದೂ ಒಂದು ಬಗೆಯ ರೋಗಿಗಳ ವಿಮರ್ಶೆಯೇ. ಅದನ್ನು ಓದಿ ಬದಲಾದ ಆಸ್ಪತ್ರೆಗಳು ಎಷ್ಟು? ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನೂ ಹೇಳಬೇಕು. ಜಾತಿ ಮತ ನೋಡದೆ ನಡುರಾತ್ರಿಯಲ್ಲಿ ಮಲಮೂತ್ರ ಬಳಿದು ರೋಗಿಯ ತಲೆ ನೇವರಿಸಿದ ನರ್ಸ್‌ಗಳ ಹೆಸರನ್ನು ವರ್ಷಗಳ ಬಳಿಕವೂ ದುಆದಲ್ಲಿ ನೆನೆಯುವ ಮನೆಗಳು ನಮ್ಮಲ್ಲಿವೆ. ಅಂತಹವರ ಹೆಸರನ್ನು ಆಸ್ಪತ್ರೆಗೆ ಬರೆದು ತಿಳಿಸುವ ಸೌಜನ್ಯವೂ ನಮ್ಮಲ್ಲಿಲ್ಲ. ದೂರಿನಷ್ಟೇ ಮೆಚ್ಚುಗೆಯೂ ಸಾಕ್ಷ್ಯ.

ಎಲ್ಲ ಮಾತೂ ಸತ್ಯವೆಂದು ನಾವು ಹೇಳುತ್ತಿಲ್ಲ. ದುಃಖದಲ್ಲಿರುವವನಿಗೆ ತಪ್ಪಿಲ್ಲದ ವೈದ್ಯನೂ ಕೊಲೆಗಾರನಂತೆ ಕಾಣಬಹುದು. ಬಿಲ್ಲಿನಲ್ಲಿ ರಿಯಾಯಿತಿ ಸಿಕ್ಕವನಿಗೆ ಕೆಟ್ಟ ಆಸ್ಪತ್ರೆಯೂ ಸ್ವರ್ಗವಾಗಬಹುದು. ಮೊಬೈಲಿನಲ್ಲಿ ಹೊಳೆಯುವ ನಕ್ಷತ್ರಗಳನ್ನು ಹಣಕ್ಕೆ ಕೊಳ್ಳುವ ಕಾಲವಿದು. ಆದುದರಿಂದಲೇ ಸುದ್ದಿ ಬಂದಾಗ ಪರಿಶೀಲಿಸಬೇಕೆಂಬ ಹುಜುರಾತ್ ಅಧ್ಯಾಯದ ಪಾಠ ಇಲ್ಲಿಯೂ ಬೇಕು. ಒಬ್ಬರು ಹೇಳಿದ್ದು ಆರೋಪ. ಪರಸ್ಪರ ಪರಿಚಯವಿಲ್ಲದ ಇಪ್ಪತ್ತು ಮನೆಗಳವರು ಒಂದೇ ವಾರ್ಡಿನ ಬಗ್ಗೆ ಒಂದೇ ಮಾತನ್ನು ಹೇಳಿದರೆ ಅದು ಆರೋಪವಾಗಿ ಉಳಿಯುವುದಿಲ್ಲ. ಇನ್ನು ಆಸ್ಪತ್ರೆಯ ಗಾಜು ಒಡೆದು ವೈದ್ಯರ ಮೇಲೆ ಕೈಮಾಡುವವರಂತೂ ತಮ್ಮದೇ ದೂರನ್ನು ಕೊಂದು ಹಾಕುತ್ತಾರೆ. ಅದು 2009ರ ರಾಜ್ಯ ಕಾನೂನಿನಂತೆ ಶಿಕ್ಷಾರ್ಹ ಅಪರಾಧ. ಧರ್ಮದ ದೃಷ್ಟಿಯಲ್ಲಿ ಅಕ್ರಮವೆಂದು ಬೇರೆ ಹೇಳಬೇಕಾಗಿಲ್ಲ.

ಸಮುದಾಯದ ಟ್ರಸ್ಟ್‌ಗಳು ನಡೆಸುವ ಆಸ್ಪತ್ರೆಗಳ ಬಗ್ಗೆ ಮೌನ ವಹಿಸಿದರೆ ಈ ಲೇಖನ ಕಪಟವಾದೀತು. ಇಲ್ಲಿ ವಿಮರ್ಶೆಯ ಬಾಯಿಗೆ ಕೃತಜ್ಞತೆಯ ಬೀಗ ಬೀಳುತ್ತದೆ. ಝಕಾತ್ ಹಣದಿಂದ ಚಿಕಿತ್ಸೆ ಪಡೆದವನು ಹಾಸಿಗೆ ಹೊಲಸಾಗಿತ್ತೆಂದು ಹೇಳುವುದುಂಟೇ? ಉದ್ಘಾಟನೆಗೆ ಮಂತ್ರಿಗಳನ್ನು ಕರೆಸುವ ಟ್ರಸ್ಟಿಗಳಲ್ಲಿ ರಾತ್ರಿ ಎರಡು ಗಂಟೆಗೆ ವಾರ್ಡಿಗೆ ಕಾಲಿಟ್ಟವರು ಎಷ್ಟು ಮಂದಿ? ಖಿದ್ಮತ್ ಎಂಬ ಫಲಕ ತೂಗುಹಾಕಿದ ಮಾತ್ರಕ್ಕೆ ತರಬೇತಿಯಿಲ್ಲದ ಹುಡುಗಿಯ ಕೈಗೆ ಸೂಜಿ ಕೊಡುವುದು ಹಲಾಲ್ ಆಗುವುದಿಲ್ಲ. ಆ ಹುಡುಗಿಯದಾದರೂ ಏನು ತಪ್ಪು? 2016ರಲ್ಲಿ ಸುಪ್ರೀಮ್ ಕೋರ್ಟಿನ ಸೂಚನೆಯ ಮೇರೆಗೆ ರಚನೆಯಾದ ಸಮಿತಿ, 50 ಹಾಸಿಗೆಗಿಂತ ಕಡಿಮೆಯಿರುವ ಖಾಸಗಿ ಆಸ್ಪತ್ರೆಗಳಲ್ಲಿಯೂ ನರ್ಸ್‌ಗಳ ವೇತನ 20,000 ರೂಪಾಯಿಗಿಂತ ಕಡಿಮೆಯಿರಬಾರದೆಂದು ಶಿಫಾರಸು ಮಾಡಿತು. ನಮ್ಮ ಪಟ್ಟಣಗಳ ನರ್ಸಿಂಗ್ ಹೋಮ್‌ಗಳ ನರ್ಸ್‌ಗಳನ್ನು ಖಾಸಗಿಯಾಗಿ ಕೇಳಿ ನೋಡಿ. ಅರೆಹೊಟ್ಟೆಯಲ್ಲಿ ಎರಡು ಪಾಳಿ ದುಡಿಯುವವಳಿಂದ ನಗುಮುಖವನ್ನು ನಿರೀಕ್ಷಿಸುವುದು ಯಾವ ನ್ಯಾಯ? ಬಂಧುಗಳು ‘ಸಿಸ್ಟರ್ ಸಿಡುಕಿದಳು’ ಎಂದು ದೂರುವಾಗ ಅದರ ಹಿಂದಿರುವ ಆಡಳಿತದ ಜಿಪುಣತನವನ್ನೂ ಓದಿಕೊಳ್ಳಬೇಕು.

ವೃದ್ಧರ ವಿಷಯದಲ್ಲಿ ನಮ್ಮ ಮೌನ ಇನ್ನೂ ಗಾಢ. ಮಕ್ಕಳು ಗಲ್ಫಿನಲ್ಲಿ, ಬೆಂಗಳೂರಿನಲ್ಲಿ. ತಾಯಿ ಊರಲ್ಲಿ ಹಾಸಿಗೆ ಹಿಡಿದಿದ್ದಾರೆ. ಏಜೆನ್ಸಿಯೊಂದು ಕಳುಹಿಸಿದ ಹೋಮ್ ನರ್ಸ್ ನೋಡಿಕೊಳ್ಳುತ್ತಾಳೆ ಅಥವಾ ತಾಯಿಯನ್ನು ದೂರದ ಆರೈಕೆ ಕೇಂದ್ರವೊಂದಕ್ಕೆ ಸೇರಿಸಲಾಗಿದೆ. ನಾಲ್ಕು ಜನ ಏನೆಂದಾರು ಎಂಬ ನಾಚಿಕೆಯಿಂದ ಈ ಸಂಗತಿಯನ್ನೇ ಮುಚ್ಚಿಡಲಾಗುತ್ತದೆ. ಮುಚ್ಚಿಟ್ಟದ್ದರ ವಿಮರ್ಶೆ ಎಲ್ಲಿಂದ ಬರಬೇಕು? ಹೆತ್ತವರ ಮುಂದೆ ‘ಛೆ’ ಎಂಬ ಉದ್ಗಾರವನ್ನೂ ನಿಷೇಧಿಸಿದ ಧರ್ಮದವರು, ಬಾಡಿಗೆಯ ಕೈಗಳು ಆ ಹೆತ್ತವರನ್ನು ಹೇಗೆ ಮುಟ್ಟುತ್ತಿವೆಯೆಂದು ವಿಚಾರಿಸಲೂ ನಾಚುತ್ತಾರೆ. ಸೇರಿಸುವುದು ಅನಿವಾರ್ಯವಾಗಿರಬಹುದು. ಹೇಳದೆ ಕೇಳದೆ ಒಂದು ಮಧ್ಯಾಹ್ನ ಹೋಗಿ ತಾಯಿಯ ಬೆನ್ನು ನೋಡದಿರುವುದಕ್ಕೆ ಯಾವ ಅನಿವಾರ್ಯತೆಯೂ ಇಲ್ಲ.

ಕಾನೂನು ನಮ್ಮ ಕೈಯಲ್ಲಿ ಇಲ್ಲವೆಂದಲ್ಲ. ಹಣ ಪಡೆದು ನೀಡುವ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು ಸುಪ್ರೀಮ್ ಕೋರ್ಟು 1995ರಲ್ಲಿಯೇ ಹೇಳಿತು. ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಲು ವಕೀಲರು ಕಡ್ಡಾಯವಲ್ಲ. ಚಿಕಿತ್ಸೆಯ ದಾಖಲೆಗಳನ್ನು ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕೆಂಬುದು 2002ರ ವೈದ್ಯಕೀಯ ನೀತಿ ಸಂಹಿತೆಯ ನಿಯಮ. ಕರ್ನಾಟಕದ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ತರಲು ಹೊರಟಾಗ ಖಾಸಗಿ ವೈದ್ಯರು ಮುಷ್ಕರ ಹೂಡಿ ರಾಜ್ಯವನ್ನೇ ನಡುಗಿಸಿದರು. ಸರಕಾರ ಸಾಕಷ್ಟು ಬಗ್ಗಿತು. ಆದರೂ ರೋಗಿಗಳ ಹಕ್ಕುಪತ್ರವೂ, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರವೂ ಆ ಕಾನೂನಿನಲ್ಲಿ ಉಳಿದುಕೊಂಡವು. ಹಣ ಬಾಕಿಯಿದೆಯೆಂದು ಮೃತದೇಹವನ್ನು ತಡೆಹಿಡಿಯುವಂತಿಲ್ಲ. ದಫನವನ್ನು ತ್ವರಿತಗೊಳಿಸಬೇಕಾದ ನಮ್ಮಂತಹವರಿಗೆ ಇದು ಎಷ್ಟು ದೊಡ್ಡ ರಕ್ಷಣೆ! ಎಷ್ಟು ಜಮಾಅತ್‌ಗಳ ಪದಾಧಿಕಾರಿಗಳಿಗೆ ಇದು ಗೊತ್ತು?

ಜಮಾಅತ್‌ಗಳು ತಕ್ಷಣ ಮಾಡಬಹುದಾದ ಕೆಲಸಕ್ಕೆ ಬೇಕಾದುದು ಒಂದು ನೋಟ್ ಪುಸ್ತಕ. ಆಸ್ಪತ್ರೆಯಿಂದ ಮನೆಗೆ ಮರಳಿದ ಪ್ರತಿ ಕುಟುಂಬವನ್ನು ವಾರದೊಳಗೆ ಕಂಡು ಯಾವ ಆಸ್ಪತ್ರೆ, ಎಷ್ಟು ದಿನ, ರಾತ್ರಿ ಯಾರಿದ್ದರು, ಎಷ್ಟು ಹಣ, ಯಾವುದಕ್ಕೆ ರಶೀದಿ ಇಲ್ಲ ಎಂದು ಬರೆದಿಡಬೇಕು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಸಾಮಾನ್ಯವಾಗಿ ಜಮಾಅತಿನವರು ಮನೆಯ ಗಂಡಸನ್ನು ಕೇಳುತ್ತಾರೆ. ಆತ ಕಂಡದ್ದು ಬಿಲ್ ಕೌಂಟರನ್ನು. ವಾರ್ಡನ್ನು ಕಂಡವಳು ಮನೆಯ ಹೆಂಗಸು. ಆಕೆಯ ಮಾತನ್ನು ಬರೆದುಕೊಳ್ಳಲು ಓದಿದ ಹೆಣ್ಣುಮಕ್ಕಳನ್ನೇ ನೇಮಿಸಬೇಕು. ನೆರೆಯ ಹಿಂದೂ ಸಹೋದರರ ಮನೆಗಳಿಗೂ ಈ ಪುಸ್ತಕ ಹೋಗಲಿ. ಹಾಸಿಗೆ ಹುಣ್ಣಿಗೆ ಧರ್ಮವಿಲ್ಲ.

ಜೊತೆಗೆ ಗದಗ ಜಿಲ್ಲೆಯ ಜಮಾಅತ್‌ಗಳು ಮಾಹಿತಿ ಹಕ್ಕಿನ ಒಂದು ಅರ್ಜಿಯನ್ನೂ ಬರೆಯಲಿ. ಶುಲ್ಕ 10 ರೂಪಾಯಿ. ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಗೆ ಮೂರು ಪ್ರಶ್ನೆ ಸಾಕು: ಕುಂದುಕೊರತೆ ಪ್ರಾಧಿಕಾರ ಕಳೆದ ಐದು ವರ್ಷಗಳಲ್ಲಿ ಎಷ್ಟು ಬಾರಿ ಸಭೆ ಸೇರಿದೆ, ರೋಗಿಗಳಿಂದ ಎಷ್ಟು ದೂರು ಬಂದಿವೆ, ಎಷ್ಟರ ಮೇಲೆ ಯಾವ ಕ್ರಮ ಕೈಗೊಳ್ಳಲಾಗಿದೆ? ಉತ್ತರ ಬಂದ ಮೇಲೆ ಅದನ್ನು ಜಕ್ಕಲಿಯಿಂದ ಗಜೇಂದ್ರಗಡದವರೆಗಿನ ಮಸೀದಿಗಳ ಫಲಕದಲ್ಲಿ ಕನ್ನಡ ಮತ್ತು ಉರ್ದುವಿನಲ್ಲಿ ಅಂಟಿಸಲಿ.